ಹಾಲು ನೋಡಲು ಒಂದೇ, ಒಳಗೆ ಬೇರೆ ಬೇರೆ



ಮಕ್ಕಳ ವಿಜ್ಞಾನ ಪುಸ್ತಕದಲ್ಲಿ ಮಿಶ್ರಣಗಳ ಪಾಠವಿದೆ. ಸಕ್ಕರೆ ಕರಗಿದ ನೀರನ್ನು ಲೋಟದ ಮೇಲಿಂದ ಕುಡಿದರೂ ತಳದಿಂದ ಕುಡಿದರೂ ಸಿಹಿ ಅಷ್ಟೇ. ಅದು ಸಮಜಾತೀಯ ಮಿಶ್ರಣ. ಕಲ್ಲು ಬೆರೆತ ಅಕ್ಕಿ ಹಾಗಲ್ಲ. ಒಂದು ಹಿಡಿಯಲ್ಲಿ ನಾಲ್ಕು ಕಲ್ಲು ಸಿಕ್ಕರೆ ಇನ್ನೊಂದರಲ್ಲಿ ಒಂದೂ ಇರುವುದಿಲ್ಲ. ಅದು ವಿಷಮಜಾತೀಯ ಮಿಶ್ರಣ. ಹಾಗಾದರೆ ನಾವು ಎರಡು ಹೊತ್ತೂ ಡೇರಿಗೆ ಹಾಕುವ ಹಾಲು ಯಾವ ಗುಂಪಿಗೆ ಸೇರುತ್ತದೆ?

ಬೆಳ್ಳಗೆ ಒಂದೇ ಸಮ ಕಾಣುವುದರಿಂದ ಮೊದಲನೆಯದು ಅನ್ನಿಸುತ್ತದೆ. ಆದರೆ ಅದು ಎರಡನೆಯದು. ಹಸುವಿನ ಹಾಲಿನ 100 ಪಾಲಿನಲ್ಲಿ ಸುಮಾರು 87 ಪಾಲು ನೀರು. ಹಾಲಿನ ಸಕ್ಕರೆ ಅದರಲ್ಲಿ ಪೂರ್ತಿ ಕರಗಿರುತ್ತದೆ. ಜಿಡ್ಡು ಕರಗುವುದಿಲ್ಲ. ಬರಿಗಣ್ಣಿಗೆ ಕಾಣದಷ್ಟು ಸಣ್ಣ ಹನಿಗಳಾಗಿ ಹಾಲಿನ ತುಂಬ ಹರಡಿಕೊಂಡಿರುತ್ತದೆ. ಈ ಹನಿಗಳು ನೀರಿಗಿಂತ ಹಗುರ, ಆದ್ದರಿಂದ ಹಾಲನ್ನು ಅಲುಗಾಡಿಸದೆ ಇಟ್ಟರೆ ಮೆಲ್ಲಗೆ ಮೇಲೇರುತ್ತವೆ. ನೀವು ದಿನಾ ನೋಡುವ ಕೆನೆಯ ಗುಟ್ಟು ಇದೇ.

ಈಗ ದುಡ್ಡಿನ ಮಾತಿಗೆ ಬರೋಣ. ಕರೆದು ತುಸು ಹೊತ್ತು ಇಟ್ಟ ಹಾಲಿನ ಸ್ಯಾಂಪಲನ್ನು ತಳದಿಂದ ತೆಗೆದರೆ ಫ್ಯಾಟ್ ಕಡಿಮೆ ಬರುತ್ತದೆ, ನಿಮಗೆ ನಷ್ಟ. ಮೇಲಿಂದ ತೆಗೆದರೆ ಹೆಚ್ಚು ಬರುತ್ತದೆ. ಅದು ಲಾಭವೆಂದು ಖುಷಿಪಡಬೇಡಿ. ಸಂಘದ ಕ್ಯಾನು ಮುಂದೆ ಪರೀಕ್ಷೆಯಾದಾಗ ಆ ಫ್ಯಾಟ್ ಅಲ್ಲಿರುವುದಿಲ್ಲ, ನಷ್ಟ ಸಂಘಕ್ಕೆ. ಸಂಘ ನಮ್ಮದೇ ತಾನೇ?

ಆದ್ದರಿಂದ ಸ್ಯಾಂಪಲ್ ತೆಗೆಯುವ ಮುಂಚೆ ಹಾಲು ಚೆನ್ನಾಗಿ ಬೆರೆಯಬೇಕು. ಸ್ವಚ್ಛವಾದ ಸೌಟನ್ನು ತಳ ಮುಟ್ಟಿಸಿ ಕೆಳಗಿನ ಹಾಲನ್ನು ಮೇಲಕ್ಕೆ ತನ್ನಿ, ಹೀಗೆ ಐದಾರು ಸಲ. ಪಾತ್ರೆಯ ಅಂಚಿಗೆ ಅಂಟಿದ ಕೆನೆಯನ್ನೂ ಬಿಡಿಸಿ ಸೇರಿಸಿ. ಮಜ್ಜಿಗೆ ಕಡೆದಂತೆ ಜೋರಾಗಿ ಕಡೆಯಬೇಡಿ. ನೊರೆ ಎದ್ದರೆ ಅಳತೆ ತಪ್ಪುತ್ತದೆ, ಬೆಣ್ಣೆ ಕಾಳುಕಟ್ಟಿದರೆ ಮತ್ತೆ ಬೆರೆಯುವುದಿಲ್ಲ. ಪರೀಕ್ಷಕರು ಆತುರದಲ್ಲಿ ಕಲಕದೆ ಸ್ಯಾಂಪಲ್ ತೆಗೆಯಲು ಹೊರಟರೆ ‘ಒಂದು ಸಲ ಕಲಕಿ ಅಣ್ಣಾ’ ಎಂದು ಕೇಳಿ. ಕೇಳಲು ಸಂಕೋಚ ಬೇಡ.

ಕೆಚ್ಚಲಿನೊಳಗೂ ಹಾಲು ಒಂದೇ ಸಮ ಇರುವುದಿಲ್ಲ. ಮೊದಲು ಬರುವ ಹಾಲು ತೆಳ್ಳಗೆ, ಕೊನೆಗೆ ಬರುವುದರಲ್ಲಿ ಜಿಡ್ಡು ಬಹಳ ಹೆಚ್ಚು. ಅರ್ಧಕ್ಕೇ ಎದ್ದರೆ ಫ್ಯಾಟ್ ಕೆಚ್ಚಲಲ್ಲೇ ಉಳಿದಂತೆ. ಕರುವಿನ ಪಾಲನ್ನು ಮೊದಲೇ ಕುಡಿಯಲು ಬಿಟ್ಟು, ಆಮೇಲೆ ಕೊನೆಯ ಹನಿಯವರೆಗೂ ಕರೆಯಿರಿ.