ಪದಪರಿಚಯ: ಹೆರೆಸಿಮ್ಯಾಕ್

ಅರ್ಥ: ಧರ್ಮದ್ರೋಹಿ ಎನಿಸಿಕೊಂಡ ಮತಗಳ ವಿರುದ್ಧ ಹೋರಾಡುವವನು. ಇಂಗ್ಲಿಷಿನಲ್ಲಿ ಬಳಕೆ ತೀರಾ ವಿರಳ.

ಮೂಲ: ಗ್ರೀಕ್. ‘ಹೈರೆಸಿಸ್’ ಎಂದರೆ ಆಯ್ಕೆ. ಮುಂದೆ ಪಂಥ, ಕೊನೆಗೆ ತಪ್ಪು ಬೋಧನೆ ಎಂಬ ಅರ್ಥ ಬಂತು. ‘ಮಾಖೆ’ ಎಂದರೆ ಕಾಳಗ.

ಗೊಂದಲ ಬೇಡ:
• ಹೆರೆಟಿಕ್ – ಚರ್ಚ್ ಒಪ್ಪದ ಮತವನ್ನು ನಂಬುವವನು
• ಹೆರೆಸಿಯಾರ್ಕ್ – ಅಂಥ ಪಂಥದ ನಾಯಕ
• ಹೆರೆಸಿಯಾಲಜಿಸ್ಟ್ – ಅಂಥ ಮತಗಳನ್ನು ಅಧ್ಯಯನ ಮಾಡುವವನು

ಹೆರೆಸಿಮ್ಯಾಕ್‌ಗಳ ಉದಾಹರಣೆಗಳು:
• ಲಿಯಾನ್‌ನ ಐರೇನಿಯಸ್: ಸುಮಾರು ಕ್ರಿ.ಶ. 180ರಲ್ಲಿ ಗುಪ್ತ ಜ್ಞಾನದಿಂದಲೇ ಮುಕ್ತಿ ಎನ್ನುತ್ತಿದ್ದ ನಾಸ್ಟಿಕ್ ಪಂಥಗಳನ್ನು ಖಂಡಿಸಿ 5 ಸಂಪುಟಗಳನ್ನು ಬರೆದ.
• ಅಲೆಕ್ಸಾಂಡ್ರಿಯದ ಅಥನೇಸಿಯಸ್: ಕ್ರಿಸ್ತ ದೇವರ ಸೃಷ್ಟಿ ಎಂಬ ಏರಿಯಸ್‌ನ ವಾದವನ್ನು ಜೀವನವಿಡೀ ವಿರೋಧಿಸಿದ. ಆ ವಾದವನ್ನು 325ರಲ್ಲಿ ಚರ್ಚ್‌ನ ನೈಸೀಯಾ ಸಭೆ ತಿರಸ್ಕರಿಸಿತ್ತು.
• ಸಲಾಮಿಸ್‌ನ ಎಪಿಫೇನಿಯಸ್: 4ನೇ ಶತಮಾನದ ‘ಪನಾರಿಯನ್’ ಗ್ರಂಥದಲ್ಲಿ 80 ಪಂಥಗಳನ್ನು ಖಂಡಿಸಿದ. ಗ್ರಂಥದ ಹೆಸರಿನ ಅರ್ಥ ‘ಔಷಧ ಪೆಟ್ಟಿಗೆ’.

ನೆನಪಿಡಿ: ‘ಆರ್ಕ್’ ಮುಂದಾಳು, ‘ಮ್ಯಾಕ್’ ಎದುರಾಳಿ.