ಉತ್ತರದ ಕಡಲ ಯಾನ: ದಾರಿ ಯಾವುದು, ಕೋಣೆ ಯಾವುದು?

ನಮ್ಮ ವಾಚಕರೊಬ್ಬರು, ನಿವೃತ್ತ ಉಪಾಧ್ಯಾಯರು, ಒಂದು ದೀರ್ಘವಾದ ಪತ್ರವನ್ನು ಬರೆದಿದ್ದಾರೆ. ನಿವೃತ್ತಿಯ ಕಾಲದಲ್ಲಿ ಕೈಸೇರಿದ ಹಣದಲ್ಲಿ ಒಂದು ಪಾಲನ್ನು ತೆಗೆದಿರಿಸಿ, ಪತ್ನಿಯೊಡನೆ ನಾರ್ವೆ ದೇಶದ ಕರಾವಳಿಯನ್ನು ಹಡಗಿನಲ್ಲಿ ಕುಳಿತು ನೋಡಿಬರಬೇಕೆಂಬುದು ಅವರ ಬಯಕೆ. ನಡುರಾತ್ರಿಯ ಸೂರ್ಯನನ್ನೂ ಧ್ರುವಪ್ರಭೆಯನ್ನೂ ಒಂದೇ ಯಾನದಲ್ಲಿ ಕಾಣಬೇಕು. ಹಡಗಿನ ಎಲ್ಲಕ್ಕಿಂತ ಮೇಲಿನ ಅಂತಸ್ತಿನಲ್ಲಿ, ಮುಂತುದಿಗೆ ಸಮೀಪವಾಗಿ ಕೋಣೆ ದೊರೆಯಬೇಕು. ಮತ್ತು ಪತ್ನಿಗೆ ಹೊಟ್ಟೆ ತೊಳಸಬಾರದು. ಆಕೆಗೆ ಆಗುಂಬೆಯ ಘಟ್ಟವನ್ನು ಬಸ್ಸಿನಲ್ಲಿ ಇಳಿಯುವುದೇ ಕಷ್ಟವಂತೆ. ‘ಯಾವ ತಿಂಗಳಲ್ಲಿ ಹೊರಡೋಣ?’ ಎಂದು ಅವರು ಕೇಳಿದ್ದಾರೆ.

ಈ ಮೂರು ಬಯಕೆಗಳಲ್ಲಿ ಮೊದಲನೆಯದಕ್ಕೆ ಪ್ರಕೃತಿಯೇ ಒಪ್ಪುವುದಿಲ್ಲ; ಎರಡನೆಯದು ಮೂರನೆಯದಕ್ಕೆ ವಿರೋಧವಾದುದು. ಜೀವಮಾನದಲ್ಲಿ ಒಮ್ಮೆ ಮಾತ್ರ ಮಾಡಬಹುದಾದ ವೆಚ್ಚವಾದ್ದರಿಂದ, ಹಣ ಕಟ್ಟುವ ಮುನ್ನ ಇದರ ಕಾರಣಗಳನ್ನು ವಿಚಾರಿಸುವುದು ಯುಕ್ತ.

ಮೊದಲು ಸೂರ್ಯನ ಮಾತು. ಬೆಂಗಳೂರಿನಲ್ಲಿ ವರ್ಷದ ಅತಿ ದೀರ್ಘವಾದ ಹಗಲಿಗೂ ಅತಿ ಕಿರಿದಾದ ಹಗಲಿಗೂ ಇರುವ ಅಂತರ ಸುಮಾರು ಒಂದೂವರೆ ಗಂಟೆ ಮಾತ್ರ. ಆದಕಾರಣ ‘ಹಗಲು’ ಎಂಬುದು ಋತುವಿನೊಡನೆ ಬೆಳೆದು ಕುಗ್ಗುವ ವಸ್ತುವೆಂಬ ಅನುಭವ ನಮಗೆ ಅಷ್ಟಾಗಿ ಇಲ್ಲ. ಉತ್ತರಕ್ಕೆ ಸರಿದಂತೆಲ್ಲ ಈ ಅಂತರವು ಬೆಳೆಯುತ್ತದೆ. 66 ಡಿಗ್ರಿ 33 ಮಿನಿಟುಗಳ ಅಕ್ಷಾಂಶದ ಉತ್ತರ ಧ್ರುವವೃತ್ತವನ್ನು ದಾಟಿದ ಮೇಲೆ ವರ್ಷದಲ್ಲಿ ಕೆಲವು ದಿನವಾದರೂ ಸೂರ್ಯನು ಮುಳುಗುವುದೇ ಇಲ್ಲ. ನಡುರಾತ್ರಿಯಲ್ಲಿ ಅವನ ಎತ್ತರವೆಷ್ಟೆಂದು ತಿಳಿಯಲು ಸುಲಭವಾದ ಲೆಕ್ಕವೊಂದುಂಟು. ಸ್ಥಳದ ಅಕ್ಷಾಂಶಕ್ಕೆ ಅಂದಿನ ಸೂರ್ಯನ ಉತ್ತರ ಕ್ರಾಂತಿಯನ್ನು ಕೂಡಿಸಿ, 90ನ್ನು ಕಳೆಯಬೇಕು. ಜೂನ್ 21ರ ಸುಮಾರಿಗೆ ಕ್ರಾಂತಿಯು 23 ಡಿಗ್ರಿ 26 ಮಿನಿಟು. ನಾರ್ಡ್‌ಕಾಪ್ ಭೂಶಿರದ ಅಕ್ಷಾಂಶ 71 ಡಿಗ್ರಿ 10 ಮಿನಿಟು. ಕೂಡಿಸಿ ಕಳೆದರೆ ಉಳಿಯುವುದು 4 ಡಿಗ್ರಿ 36 ಮಿನಿಟು. ಎಂದರೆ ನಡುರಾತ್ರಿಯಲ್ಲಿ ಸೂರ್ಯನು ಕಡಲಂಚಿನಿಂದ ತನ್ನ ಬಿಂಬದ ಒಂಬತ್ತು ಪಟ್ಟು ಎತ್ತರದಲ್ಲಿ, ಉತ್ತರ ದಿಕ್ಕಿನಲ್ಲಿ, ನಿಂತಿರುತ್ತಾನೆ. ಅಲ್ಲಿ ಈ ನೋಟ ಮೇ ಮಧ್ಯದಿಂದ ಜುಲೈ ಕೊನೆಯವರೆಗೆ ದೊರೆಯುತ್ತದೆ. ಟ್ರೊಮ್ಸೋ ನಗರದಲ್ಲಿ ಮೇ 20ರ ಸುಮಾರಿನಿಂದ ಜುಲೈ 22ರ ಸುಮಾರಿನವರೆಗೆ.

ಧ್ರುವಪ್ರಭೆಯಾದರೋ ಕತ್ತಲೆಯ ಕೂಸು. ಸೂರ್ಯನಿಂದ ಹೊರಟ ವಿದ್ಯುತ್ಕಣಗಳ ಪ್ರವಾಹವು ಭೂಮಿಯ ಕಾಂತಕ್ಷೇತ್ರವನ್ನು ಕಲಕಿದಾಗ, ಅಲ್ಲಿಂದ ಜಾರಿದ ಎಲೆಕ್ಟ್ರಾನುಗಳು ನೂರು ಕಿಲೋಮೀಟರಿಗೂ ಮೇಲಿನ ವಾಯುವಿಗೆ ಬಂದು ಬಡಿಯುತ್ತವೆ. ಆಮ್ಲಜನಕದ ಪರಮಾಣುಗಳು ಆ ಪೆಟ್ಟಿನಿಂದ ಹಸುರಾಗಿ, ಇನ್ನೂ ಮೇಲೆ ಕೆಂಪಾಗಿ, ಬೆಳಗುತ್ತವೆ. ಈ ಪ್ರಭೆಯು ಕಾಂತಧ್ರುವವನ್ನು ಒಂದು ಬಳೆಯಂತೆ ಸುತ್ತುವರಿದಿದೆ. ಟ್ರೊಮ್ಸೋ ಸರಿಯಾಗಿ ಆ ಬಳೆಯ ಕೆಳಗೇ ಇದೆ. ಜೂನ್ ತಿಂಗಳಿನಲ್ಲಿಯೂ ಪ್ರಭೆ ಅಲ್ಲಿ ಇದ್ದೇ ಇರುತ್ತದೆ. ಆದರೆ ಹಗಲಿನ ನಕ್ಷತ್ರದಂತೆ ಅದು ಇದ್ದೂ ಕಾಣದು. ಸೆಪ್ಟೆಂಬರಿನಿಂದ ಮಾರ್ಚ್ ಕೊನೆಯವರೆಗೆ ಮಾತ್ರ ಅದಕ್ಕೆ ತಕ್ಕ ಕತ್ತಲೆಯುಂಟು. ನಡುರಾತ್ರಿಯ ಸೂರ್ಯ, ಧ್ರುವಪ್ರಭೆ, ಇವೆರಡರಲ್ಲಿ ಒಂದನ್ನು ಆರಿಸಿಕೊಳ್ಳಲೇಬೇಕು. ಎರಡನ್ನೂ ತೋರಿಸುವೆವೆಂದು ಯಾರಾದರೂ ಹೇಳಿದರೆ ವಾಚಕರು ಆ ಮಾತನ್ನು ನಂಬಬಾರದು.

ಇಷ್ಟು ಉತ್ತರಕ್ಕಿರುವ ಕಡಲು ಚಳಿಗಾಲದಲ್ಲಿ ಹೆಪ್ಪುಗಟ್ಟುವುದಿಲ್ಲವೇ ಎಂಬ ಸಂದೇಹ ಸಹಜ. ಇದೇ ಅಕ್ಷಾಂಶದಲ್ಲಿ ಗ್ರೀನ್ಲೆಂಡಿನ ನೆಲವು ಮೈಲಿಗಟ್ಟಲೆ ಹಿಮದಡಿಯಲ್ಲಿದೆ. ಆದರೆ ಅಟ್ಲಾಂಟಿಕ್ ಸಾಗರದ ಬೆಚ್ಚಗಿನ ಪ್ರವಾಹವೊಂದು ನಾರ್ವೆಯ ತೀರವನ್ನು ತಡವಿಕೊಂಡು ಹರಿಯುತ್ತದೆ. ಪಶ್ಚಿಮದ ಗಾಳಿಯು ಆ ಕಾವನ್ನು ನೆಲಕ್ಕೆ ತರುತ್ತದೆ. ಆದ್ದರಿಂದ ಈ ಕರಾವಳಿಯ ಬಂದರುಗಳು ವರ್ಷವಿಡೀ ತೆರೆದಿರುತ್ತವೆ.

ಇನ್ನು ದಾರಿ. ನಾರ್ವೆಯ ಕರಾವಳಿಯನ್ನು ನೋಡುವುದಕ್ಕೆ ಎರಡು ಬಗೆಯ ಹಡಗುಗಳಿವೆ. ಸಾವಿರಾರು ಜನರನ್ನು ಹೊತ್ತ ದೊಡ್ಡ ವಿಹಾರನೌಕೆಗಳು ಬಹುಮಟ್ಟಿಗೆ ದ್ವೀಪಗಳ ಹೊರಗೆ ತೆರೆದ ಕಡಲಿನಲ್ಲಿ ಸಾಗಿ, ಆಯ್ದ ಫ್ಯೋರ್ಡುಗಳ ಒಳಕ್ಕೆ ಹೊಕ್ಕು ಹೊರಬರುತ್ತವೆ. ಕರಾವಳಿಯ ಅಂಚೆಹಡಗುಗಳು ಗಾತ್ರದಲ್ಲಿ ಚಿಕ್ಕವು. ದ್ವೀಪಮಾಲೆಗೂ ನೆಲಕ್ಕೂ ನಡುವಣ ಒಳದಾರಿಯಲ್ಲಿ ಅವು ಸಂಚರಿಸುತ್ತವೆ. ಉಪಾಧ್ಯಾಯರಿಗೆ ನಾವು ಎರಡನೆಯದನ್ನೇ ಹೇಳುತ್ತೇವೆ. ಅದರಲ್ಲಿ ನಾಟಕಶಾಲೆಯಿಲ್ಲ, ದೊಡ್ಡ ಈಜುಕೊಳವಿಲ್ಲ. ಕಿಟಕಿಯ ಹೊರಗೆ ಮಾತ್ರ ಬೇಕಾದಷ್ಟಿದೆ.

ಈ ಅಂಚೆದಾರಿಯ ಚರಿತ್ರೆಯೇ ಒಂದು ಸಾಹಸ. ಆ ಕಾಲದಲ್ಲಿ ಟ್ರೊಂಡ್‌ಹೇಮಿನಿಂದ ಹಾಮರ್‌ಫೆಸ್ಟಿಗೆ ಕಾಗದವೊಂದು ತಲಪಬೇಕಾದರೆ ಬೇಸಗೆಯಲ್ಲಿ ಮೂರು ವಾರ, ಚಳಿಗಾಲದಲ್ಲಿ ಐದು ತಿಂಗಳವರೆಗೂ ಹಿಡಿಯುತ್ತಿತ್ತು. ಚಳಿಗಾಲದ ಕತ್ತಲೆಯಲ್ಲಿ, ದೀಪಸ್ತಂಭಗಳು ವಿರಳವಾಗಿದ್ದ ಆ ಬಂಡೆಗಳ ನಡುವೆ ಹಡಗು ನಡೆಸಲು ಇತರರು ಹಿಂಜರಿದಾಗ ರಿಚರ್ಡ್ ವಿತ್ ಎಂಬ ಕಪ್ತಾನನು ಮುಂದೆ ಬಂದನು. ಅವನೂ ಅವನ ಸಂಗಡಿಗರೂ ಪ್ರತಿಯೊಂದು ತಿರುವಿನಲ್ಲಿ ದಿಕ್ಕು, ವೇಗ, ಕಾಲ ಇವನ್ನು ಬರೆದಿರಿಸಿಕೊಂಡಿದ್ದರು; ಗಡಿಯಾರವೂ ದಿಕ್ಸೂಚಿಯೂ ಇದ್ದರೆ ಕಣ್ಣಿಗೆ ಕಾಣದ ದಾರಿಯನ್ನೂ ಲೆಕ್ಕದಿಂದ ನಡೆಯಬಹುದೆಂಬುದು ಅವರ ಧೈರ್ಯ. 1893ರ ಜುಲೈ 2ರಂದು ಅವನ ‘ವೆಸ್ಟೆರೋಲೆನ್’ ಹಡಗು ಟ್ರೊಂಡ್‌ಹೇಮನ್ನು ಬಿಟ್ಟಿತು. ಇಂದು ಈ ದಾರಿ ದಕ್ಷಿಣದ ಬೆರ್ಗೆನಿನಿಂದ ರಷ್ಯದ ಗಡಿಯ ಬಳಿಯ ಕಿರ್ಕೆನೆಸ್‌ವರೆಗೆ ಹಬ್ಬಿದೆ. ನಡುವೆ ತಂಗುವ ಬಂದರುಗಳು, ಎರಡು ತುದಿಗಳೂ ಸೇರಿ, 34. ಹೋಗಿಬರುವುದಕ್ಕೆ ಹನ್ನೆರಡು ದಿನ. 2021ರಿಂದ ಈ ಮಾರ್ಗವನ್ನು ಎರಡು ಕಂಪನಿಗಳು ಹಂಚಿಕೊಂಡಿವೆ.

ವೇಳಾಪಟ್ಟಿಯಲ್ಲಿ ಗಮನಿಸಬೇಕಾದ ಜಾಣತನವೊಂದಿದೆ. ಉತ್ತರಕ್ಕೆ ಹೋಗುವಾಗ ರಾತ್ರಿಯಲ್ಲಿ ದಾಟಿದ ಭಾಗಗಳನ್ನು ಹಡಗು ಬಹುಮಟ್ಟಿಗೆ ಹಿಂದಿರುಗುವಾಗ ಹಗಲಿನಲ್ಲಿ ದಾಟುತ್ತದೆ. ಹೋಗುವ ದಾರಿಯನ್ನು ಮಾತ್ರ ಕೊಂಡವರು ಧ್ರುವವೃತ್ತವನ್ನೂ ಬೋಡೊ, ಟ್ರೊಮ್ಸೋ ನಗರಗಳನ್ನೂ ಹಗಲಿನಲ್ಲಿ ನೋಡುತ್ತಾರೆ; ಆದರೆ ವೆಸ್ಟೆರೋಲೆನ್ ದ್ವೀಪಗಳ ಇಕ್ಕಟ್ಟಾದ ಕಾಲುವೆಗಳಲ್ಲಿ ನಿದ್ರಿಸಿರುತ್ತಾರೆ. ಬರುವ ದಾರಿಯನ್ನು ಕೊಂಡವರಿಗೆ ಇವೇ ಹಗಲಿನ ನೋಟಗಳು. 1922ರಲ್ಲಿ ತೋಡಿ ತೆರೆದ ರಿಸೋಯ್ ಕಾಲುವೆ ಅವುಗಳಲ್ಲೊಂದು. ಮುಂದೆ ಸ್ಟೊಕ್‌ಮಾರ್ಕ್‌ನೆಸ್ ಬಂದರಿನಲ್ಲಿ 1956ರ ಹಳೆಯ ಅಂಚೆಹಡಗೊಂದನ್ನು ನೆಲದ ಮೇಲೆ, ಗಾಜಿನ ಮನೆಯೊಳಗೆ, ಕಾಪಾಡಿಟ್ಟಿದ್ದಾರೆ. ಆಮೇಲೆ ರಾಫ್ಟ್‌ಸುಂಡ್ ಜಲಸಂಧಿ. ಅದರ ಪಕ್ಕದಲ್ಲಿ, ಬಾಯಿಯ ಬಳಿ ನೂರು ಮೀಟರ್ ಅಗಲವಷ್ಟೇ ಇರುವ ಟ್ರೋಲ್‌ಫ್ಯೋರ್ಡ್. ಮರುದಿನ ಟೋರ್ಗ್‌ಹಾಟೆನ್ ಬೆಟ್ಟ. ಅದರ ನಡುವಿನಲ್ಲಿ ಆಚೆಯ ಬೆಳಕು ಕಾಣುವಂತೆ ಒಂದು ತೂತಿದೆ. ಬಾಣ ತೂರಿ ಆದುದೆಂದು ಅಲ್ಲಿನವರ ಕಥೆ. ಹಿಮಯುಗದ ಭಾರದಿಂದ ನೆಲವು ತಗ್ಗಿದ್ದಾಗ ಅಲೆಗಳೂ ಹೆಪ್ಪಿನ ನೀರೂ ಬಂಡೆಯ ಬಿರುಕನ್ನು ಕೊರೆದವು. ಹಿಮ ಕರಗಿ ಭಾರ ಇಳಿದ ಮೇಲೆ ನೆಲ ಮೇಲೆದ್ದಿತು, ತೂತೂ ಮೇಲೇರಿತು ಎಂಬುದು ಭೂವಿಜ್ಞಾನಿಗಳ ವಿವರಣೆ. ಫ್ಯೋರ್ಡುಗಳೂ ಅದೇ ಹಿಮದ ಕೆಲಸ. ಹಿಮನದಿಯು ಕಣಿವೆಯ ತಳವನ್ನು ಸಮುದ್ರಮಟ್ಟಕ್ಕಿಂತಲೂ ಕೆಳಕ್ಕೆ ಉತ್ತು ಹೋಯಿತು. ಬಿಟ್ಟ ಹಳ್ಳಕ್ಕೆ ಕಡಲು ಹೊಕ್ಕಿತು. ಸೋಗ್ನೆ ಫ್ಯೋರ್ಡಿನ ಆಳ 1,300 ಮೀಟರಿಗೂ ಮಿಗಿಲು.

ಈಗ ಕೋಣೆಯ ವಿಚಾರಕ್ಕೆ ಬರೋಣ. ಎತ್ತಿನ ಗಾಡಿಯಲ್ಲಿ ಕುಳಿತವರೂ ಬಸ್ಸಿನ ಹಿಂದಿನ ಆಸನದಲ್ಲಿ ಕುಳಿತವರೂ ಇದನ್ನು ಆಗಲೇ ಬಲ್ಲರು. ಅಲೆಗೆ ಎದುರಾದ ಹಡಗು ಮಕ್ಕಳ ಏರಿಳಿಯುವ ಹಲಗೆಯಂತೆ ತನ್ನ ನಡುವನ್ನು ಆಧಾರವಾಗಿಟ್ಟುಕೊಂಡು ತುದಿಗಳನ್ನು ಎತ್ತಿ ಇಳಿಸುತ್ತದೆ. ನಡುವಿನಿಂದ 60 ಮೀಟರ್ ಮುಂದಿರುವ ಕೋಣೆಯೊಂದನ್ನು ತೆಗೆದುಕೊಳ್ಳಿ. ಹಡಗು ಮೂರು ಡಿಗ್ರಿಯಷ್ಟು ಮೇಲಕ್ಕೆ ಬಾಗಿದರೆ ಆ ಕೋಣೆ ಮೂರು ಮೀಟರಿಗೂ ಹೆಚ್ಚಾಗಿ ಏರುತ್ತದೆ. ಕೆಲವು ಸೆಕೆಂಡುಗಳಲ್ಲಿ ಅಷ್ಟೇ ಕೆಳಕ್ಕೆ ಬೀಳುತ್ತದೆ. ನಡುವಿನಿಂದ 10 ಮೀಟರ್ ದೂರದಲ್ಲಿರುವವರಿಗೆ ಅದೇ ಅಲೆಯಲ್ಲಿ ಅರ್ಧ ಮೀಟರಿನ ಏರಿಳಿತ ಮಾತ್ರ. ಪಕ್ಕಕ್ಕೆ ಓಲುವಾಗಲೂ ಹೀಗೆಯೇ: ನೀರಿನ ಮಟ್ಟಕ್ಕೆ ಸಮೀಪದಲ್ಲಿರುವವರು ಕಡಮೆ ತೂಗುತ್ತಾರೆ, ಮೇಲಂತಸ್ತಿನವರು ಲೋಲಕದಂತೆ ತೂಗುತ್ತಾರೆ. ಬದಿಯ ರೆಕ್ಕೆಗಳುಳ್ಳ ಹಡಗುಗಳಲ್ಲಿ ಪಕ್ಕದ ಓಲಾಟ ತಗ್ಗುತ್ತದೆ. ಮುಂದುಹಿಂದಿನ ಏರಿಳಿತಕ್ಕೆ ಅವುಗಳಿಂದ ಹೆಚ್ಚಿನ ಪ್ರಯೋಜನವಿಲ್ಲ.

ಹೊಟ್ಟೆ ತೊಳಸುವುದಾದರೂ ಹೊಟ್ಟೆಯ ದೋಷವಲ್ಲ. ಒಳಗಿವಿಯ ಅರ್ಧವರ್ತುಲ ನಾಳಗಳು ‘ಚಲಿಸುತ್ತಿದ್ದೇವೆ’ ಎನ್ನುತ್ತವೆ. ಕೋಣೆಯ ಗೋಡೆಯನ್ನು ನೋಡುವ ಕಣ್ಣು ‘ಇಲ್ಲ, ನಿಂತಿದ್ದೇವೆ’ ಎನ್ನುತ್ತದೆ. ಮೆದುಳು ಈ ಎರಡು ಸಾಕ್ಷಿಗಳ ನಡುವೆ ಸಿಕ್ಕಿಕೊಳ್ಳುತ್ತದೆ. ಕ್ಷಿತಿಜವನ್ನು ದಿಟ್ಟಿಸಿದರೆ ಸಾಕ್ಷ್ಯಗಳು ಹೊಂದಿಕೊಂಡು ಬಾಧೆ ಕಡಮೆಯಾಗುತ್ತದೆ. ಆದ್ದರಿಂದ ಆ ತಾಯಿಗೆ ಬೇಕಾದುದು ಹಡಗಿನ ನಡುಭಾಗದ, ಕೆಳಗಿನ ಅಂತಸ್ತಿನ, ಆದರೆ ಕಿಟಕಿಯುಳ್ಳ ಕೋಣೆ. ಎತ್ತರದ ಮುಂತುದಿಯ ಕೋಣೆಗೆ ಬೆಲೆಯೂ ಹೆಚ್ಚು, ತೂಗಾಟವೂ ಹೆಚ್ಚು. ತೀರ ಹಿಂದಕ್ಕೆ ಹೋದರೆ ಯಂತ್ರದ ಅದುರು ಕಾಡುತ್ತದೆ. ಕಿಟಕಿಯಿಲ್ಲದ ಒಳಕೋಣೆ ಅಗ್ಗ. ಕತ್ತಲಾಗದ ಜೂನಿನಲ್ಲಿ ನಿದ್ರೆಗೆ ಅದೇ ಅನುಕೂಲವೆನ್ನುವವರೂ ಇದ್ದಾರೆ. ಆಗುಂಬೆಯಲ್ಲಿ ಬಳಲುವವರಿಗೆ ಅದು ಬೇಡ.

ಒಳದಾರಿಯಾದರೂ ಎಲ್ಲೆಡೆಯೂ ದ್ವೀಪಗಳ ಮರೆಯಿಲ್ಲ. ಸ್ಟಾಡ್ ಭೂಶಿರ, ಹುಸ್ಟಾಡ್‌ವಿಕಾ, ಫೋಲ್ಡಾ, ವೆಸ್ಟ್‌ಫ್ಯೋರ್ಡ್, ಮತ್ತು ನಾರ್ಡ್‌ಕಾಪಿನಿಂದ ಪೂರ್ವಕ್ಕಿರುವ ಬಾರೆಂಟ್ಸ್ ಕಡಲು, ಇವು ಬಯಲು. ಹುಸ್ಟಾಡ್‌ವಿಕಾದಲ್ಲಿ 2019ರ ಮಾರ್ಚ್ 23ರಂದು 1,373 ಜನರಿದ್ದ ವಿಹಾರನೌಕೆಯೊಂದರ ಯಂತ್ರಗಳು ಬಿರುಗಾಳಿಯ ನಡುವೆ ನಿಂತುಹೋಗಿ, ನೂರಾರು ಜನರನ್ನು ಹೆಲಿಕಾಪ್ಟರಿನಿಂದ ಎತ್ತಬೇಕಾಯಿತು. ಅಂಥದು ಅಪರೂಪ. ಆದರೂ ನಡುಚಳಿಗಾಲದ ಕಡಲು ಬೇಸಗೆಯದಕ್ಕಿಂತ ಒರಟೆಂಬುದನ್ನು ಮರೆಯುವಂತಿಲ್ಲ.

ಹಾಗಾದರೆ ಇವರು ಏನು ಮಾಡಬೇಕು? ದಂಪತಿಗಳಿಬ್ಬರೂ ಕುಳಿತು ಸೂರ್ಯನೋ ಪ್ರಭೆಯೋ ಎಂಬುದನ್ನು ಮೊದಲು ತೀರ್ಮಾನಿಸಲಿ. ಸೂರ್ಯನೇ ಬೇಕೆಂದರೆ ಜೂನಿನಲ್ಲಿ ಇಡೀ ಹನ್ನೆರಡು ದಿನದ ಯಾನ ಮಾಡಬಹುದು. ಆಗ ಕಡಲೂ ಸಾಮಾನ್ಯವಾಗಿ ಸೌಮ್ಯ. ಹಡಗು ಕಿರ್ಕೆನೆಸ್ಸಿನಲ್ಲಿ ಹಿಂದಿರುಗುವುದರಿಂದ ಯಾವ ಬದಿಯ ಕೋಣೆಯಾದರೂ ಎರಡು ಕಡೆಯ ನೋಟವೂ ಸಿಕ್ಕುತ್ತದೆ. ಬದಿಗಾಗಿ ಹೆಚ್ಚು ಹಣ ಕೊಡಬೇಕಾಗಿಲ್ಲ. ಪ್ರಭೆಯೇ ಬೇಕೆಂದರೆ ನಮ್ಮ ಸಲಹೆ ಸೆಪ್ಟೆಂಬರಿನ ಉತ್ತರಾರ್ಧ. ಆಗ ಎಲ್ಲೆಡೆಯೂ ಹನ್ನೆರಡು ಗಂಟೆಯ ಹಗಲೂ ಹನ್ನೆರಡು ಗಂಟೆಯ ರಾತ್ರಿಯೂ ಇರುತ್ತದೆ. ಹಗಲಿಗೆ ಬೆಟ್ಟ, ಇರುಳಿಗೆ ಬಾನು. ವಿಷುವತ್ತಿನ ಆಸುಪಾಸಿನಲ್ಲಿ ಕಾಂತಕ್ಷೇತ್ರದ ಕ್ಷೋಭೆಗಳೂ ತುಸು ಹೆಚ್ಚು. ಟ್ರೊಮ್ಸೋಗೆ ವಿಮಾನದಲ್ಲಿ ಹೋಗಿ ಮೂರು ನಾಲ್ಕು ರಾತ್ರಿ ನೆಲದ ಮೇಲೆಯೇ ತಂಗಲಿ. ಮೋಡ ಕವಿದರೆ ಹಡಗಿನಲ್ಲಿದ್ದವರು ಅದರೊಡನೆಯೇ ಸಾಗಬೇಕು. ನೆಲದಲ್ಲಿದ್ದವರು ಬಸ್ಸು ಹಿಡಿದು ತಿಳಿಬಾನನ್ನು ಹುಡುಕಿಕೊಂಡು ಹೋಗಬಹುದು. ಆಮೇಲೆ ಅಲ್ಲಿಯೇ ದಕ್ಷಿಣಕ್ಕೆ ಬರುವ ಅಂಚೆಹಡಗನ್ನು ಹತ್ತಿದರೆ ಬಾರೆಂಟ್ಸ್ ಕಡಲು ತಪ್ಪಿತು. ವೆಸ್ಟೆರೋಲೆನಿನ ಕಾಲುವೆಗಳೂ ಟೋರ್ಗ್‌ಹಾಟೆನ್ ಬೆಟ್ಟವೂ ಹಗಲಿನಲ್ಲಿ ದೊರೆತವು. ಉಳಿದ ಬಯಲು ಭಾಗಗಳಿಗೆ ವೈದ್ಯರನ್ನು ಕೇಳಿ ಮಾತ್ರೆಯನ್ನು ಮೊದಲೇ ನುಂಗಬೇಕು. ತೊಳಸಲು ತೊಡಗಿದ ಮೇಲೆ ನುಂಗಿದರೆ ಫಲ ಕಡಮೆ.

ಈ ಯಾನ ಒಂದೇ ದಿಕ್ಕಿನದಾದುದರಿಂದ ಇಲ್ಲಿ ಬದಿಯ ಲೆಕ್ಕ ಬರುತ್ತದೆ. ದಕ್ಷಿಣಕ್ಕೆ ಮುಖಮಾಡಿದ ಹಡಗಿನಲ್ಲಿ ನೆಲವು ಎಡಕ್ಕೆ, ಎಡಬದಿಯನ್ನು ಕೇಳಬೇಕು. ಹಣ ಕಟ್ಟುವ ಮೊದಲು ಆ ಹಡಗಿನ ಅಂತಸ್ತುಗಳ ನಕ್ಷೆಯನ್ನು ತರಿಸಿ, ಕೋಣೆಯ ಸಂಖ್ಯೆಯನ್ನು ಅದರಲ್ಲಿ ಗುರುತಿಸಿ, ಕಿಟಕಿಯ ಎದುರಿಗೆ ಜೀವರಕ್ಷಕ ದೋಣಿ ತೂಗುತ್ತಿದೆಯೇ ಎಂದು ನೋಡಿಕೊಳ್ಳಲಿ. ಅಂಥ ಕೋಣೆಗಳನ್ನು ‘ನೋಟಕ್ಕೆ ಅಡ್ಡಿಯುಳ್ಳವು’ ಎಂದು ಪಟ್ಟಿಯಲ್ಲಿ ಸಣ್ಣ ಅಕ್ಷರದಲ್ಲಿ ಬರೆದಿರುತ್ತಾರೆ.