ಹರಿದ ಜೀನ್ಸ್ ಪ್ಯಾಂಟಿನ ಚಾಪೆ

ನಮ್ಮಣ್ಣ ಗೋವಾಕ್ಕೆ ದುಡಿಯಲು ಹೋಗುವಾಗ ಎರಡು ಹರಿದ ಜೀನ್ಸ್ ಪ್ಯಾಂಟು ಬಿಟ್ಟುಹೋದ. ಕೌದಿಗೆ ಹಾಕೋಣ ಅಂತ ಅಜ್ಜಿ ಕೂತರೆ ಸೂಜಿಯೇ ಮುರೀತು. "ಇದೇನ್ ಅರಿವೀನೋ, ತೊಗಲೋ!" ಅಂದ್ಲು. ಅದಕ್ಕೇ ನಾನು ಅವನ್ನು ಚಾಪೆಯಾಗಿ ನೇಯ್ದೆ.

ಮೊದಲು ಒಗೆದು ಒಣಗಿಸಿ, ದಪ್ಪ ಹೊಲಿಗೆ, ಜಿಪ್, ಜೇಬಿನ ಮೂಲೆಯ ರಿವೆಟ್ ತೆಗೆಯಿರಿ. ಜೇಬು ಹರಿಯದಿರಲೆಂದು ರಿವೆಟ್ ಹೊಡೆಯುವ ಈ ಉಪಾಯಕ್ಕೆ 1873ರಲ್ಲಿ ಅಮೆರಿಕದಲ್ಲಿ ಪೇಟೆಂಟ್ ಸಿಕ್ಕಿತು. ಅದಕ್ಕೆ ತಾಗಿ ನನ್ನ ಕತ್ತರಿಯ ಬಾಯಿ ಹೋಯಿತು! ಆಮೇಲೆ ಬಟ್ಟೆಯನ್ನು 1 ಇಂಚು ಅಗಲದ ಪಟ್ಟಿಗಳಾಗಿ ಕತ್ತರಿಸಿ.

ಹಳೇ ಕಿಟಕಿ ಚೌಕಟ್ಟಿಗೆ ಮೇಲೂ ಕೆಳಗೂ ಅರ್ಧ ಇಂಚಿಗೊಂದು ಮೊಳೆ ಹೊಡೆದು ಗಟ್ಟಿ ಹತ್ತಿದಾರ ಬಿಗಿದೆ. ಇದು ಹಾಸು, ಪಟ್ಟಿಯೇ ಹೊಕ್ಕು. ಪಟ್ಟಿ ಒಂದು ದಾರದ ಮೇಲೆ, ಮುಂದಿನದರ ಕೆಳಗೆ ಹೋಗಬೇಕು. ಮರುಸಾಲಿನಲ್ಲಿ ಅದಲುಬದಲು. ಪಟ್ಟಿ ಮುಗಿದಲ್ಲಿ ಗಂಟು ಹಾಕಬೇಡಿ, ಉಬ್ಬುತ್ತದೆ. ಹೊಸ ಪಟ್ಟಿಯ ತುದಿಯನ್ನು ಹಳೆಯದರ ಮೇಲೆ 2 ಇಂಚು ಇಟ್ಟು ನೇಯಿರಿ.

ನನ್ನ ಮೊದಲ ಚಾಪೆ ನಡುವೆ ಸಣ್ಣಗಾಗಿ ಡಮರುಗದ ಹಾಗಾಯ್ತು. ಅಂಚಿನಲ್ಲಿ ಪಟ್ಟಿ ಜಗ್ಗಿದ್ದೇ ತಪ್ಪು. ಅದನ್ನು ಕಮಾನಿನಂತೆ ಸಡಿಲ ಬಿಟ್ಟು, ಆಮೇಲೆ ಬಾಚಣಿಗೆಯಿಂದ ಒತ್ತಬೇಕು. ಅಳು ಬಂತು, ಆದರೂ ಎಲ್ಲಾ ಬಿಚ್ಚಿ ಮತ್ತೆ ನೇಯ್ದೆ.

ಇನ್ನೊಂದು ತಮಾಷೆ. ಜೀನ್ಸ್ ಬಟ್ಟೆಯ ಹಾಸುನೂಲಿಗೆ ಮಾತ್ರ ನೀಲಿ ಬಣ್ಣ, ಹೊಕ್ಕುನೂಲು ಬಿಳಿ. ಅದಕ್ಕೇ ಪಟ್ಟಿಯ ಒಂದು ಮೈ ನೀಲಿ, ಇನ್ನೊಂದು ಬಿಳಿಚು. ತಿರುಗಿಸಿ ನೇಯ್ದರೆ ಬಣ್ಣವಿಲ್ಲದೇ ಗೆರೆ ಬರುತ್ತದೆ.

ಈಗ ಅಜ್ಜಿ ರೊಟ್ಟಿ ಬಡಿಯುವಾಗ ಅದರ ಮೇಲೇ ಕೂಡ್ತಾಳೆ. ದೀಪಾವಳಿಗೆ ಅಣ್ಣ ಬಂದಾಗ, ಇದು ಯಾವ ಪ್ಯಾಂಟು ಅಂತ ಕೇಳಬೇಕು.